ಮೊಹರು ಸಂಘದ್ದು, ಕಾಗದ ಕಳ್ಳನದು



ಈಗ ಹಲವು ಸಹಕಾರ ಸಂಘಗಳು ಸ್ವಂತ ವೆಬ್‌ಸೈಟ್ ಇಟ್ಟುಕೊಂಡಿವೆ. ಬೀಜದ ದರ, ಸಭೆಯ ತಿಳುವಳಿಕೆ, ಹಣ ಕಟ್ಟಬೇಕಾದ ಖಾತೆಯ ಸಂಖ್ಯೆ ಎಲ್ಲವೂ ಅದರಲ್ಲಿರುತ್ತವೆ. ಖಾತೆಯ ಸಂಖ್ಯೆಯನ್ನು ಯಾರಾದರೂ ತಿದ್ದಿದರೆ ನಿಮ್ಮ ಹಣ ಕಳ್ಳನ ಪಾಲು. ಪಾಸ್‌ವರ್ಡ್ ಕದಿಯದೆಯೇ ಹೀಗೆ ತಿದ್ದುವ ಮೋಸವೊಂದಿದೆ. ಅದಕ್ಕೆ ಕ್ರಾಸ್ ಸೈಟ್ ರಿಕ್ವೆಸ್ಟ್ ಫೋರ್ಜರಿ, ಎಂದರೆ ಖೋಟಾ ಕೋರಿಕೆ, ಎಂದು ಹೆಸರು.

ಮೋಸದ ಬಗೆ: ಕಾರ್ಯದರ್ಶಿಯವರು ಪಾಸ್‌ವರ್ಡ್ ಕೊಟ್ಟು ಒಳಹೊಕ್ಕೊಡನೆ ವೆಬ್‌ಸೈಟು ಅವರ ಬ್ರೌಸರಿಗೆ ಕುಕಿ ಎಂಬ ಗುರುತಿನ ಚೀಟಿ ಕೊಡುತ್ತದೆ. ಆಮೇಲೆ ಬ್ರೌಸರು ಆ ಸೈಟಿಗೆ ಹೋಗುವ ಪ್ರತಿ ಕೋರಿಕೆಗೂ ಚೀಟಿಯನ್ನು ತಾನಾಗಿಯೇ ಲಗತ್ತಿಸುತ್ತದೆ. ಅದೇ ವೇಳೆಯಲ್ಲಿ ಕಾರ್ಯದರ್ಶಿಯವರು ಕಳ್ಳನ ಪುಟವೊಂದನ್ನು ತೆರೆದರೆ, ಆ ಪುಟವು ಮರೆಯಲ್ಲಿ ಸಂಘದ ಸೈಟಿಗೆ ಕೋರಿಕೆ ಕಳಿಸಬಲ್ಲದು. ಚೀಟಿ ಕಂಡ ಸೈಟು, ಕಾರ್ಯದರ್ಶಿಯವರೇ ಹೇಳಿದರೆಂದು ನಂಬುತ್ತದೆ. ಮೊಹರು ಹಿಡಿದ ಜವಾನನು ಮೇಜಿನ ಮೇಲಿದ್ದ ಕಾಗದಕ್ಕೆಲ್ಲ ಓದದೆ ಒತ್ತಿದಂತೆ ಇದು.

ನಡೆದ ಉದಾಹರಣೆ: ವರ್ಡ್‌ಪ್ರೆಸ್ ಎಂಬುದು ವೆಬ್‌ಸೈಟ್ ನಡೆಸಲು ಬಹಳ ಜನರು ಬಳಸುವ ತಂತ್ರಾಂಶ. ಅದರ 5.1ನೆಯ ಆವೃತ್ತಿಯವರೆಗೆ, ಓದುಗರ ಅಭಿಪ್ರಾಯ ಬರೆಯುವ ನಮೂನೆಯಲ್ಲಿ ಈ ದೋಷವಿತ್ತು. ಮೇಲ್ವಿಚಾರಕನ ಹೆಸರಿನಲ್ಲಿ ಖೋಟಾ ಅಭಿಪ್ರಾಯ ಸೇರಿಸಿ, ಅದರೊಳಗೆ ಕೇಡಿನ ಆಜ್ಞೆ ಅಡಗಿಸಿ, ಕೊನೆಗೆ ಇಡೀ ಸೈಟನ್ನೇ ವಶಪಡಿಸಿಕೊಳ್ಳಬಹುದಾಗಿತ್ತು. 2019ರ ಮಾರ್ಚಿಯಲ್ಲಿ ಬಂದ 5.1.1ನೆಯ ಆವೃತ್ತಿ ಇದನ್ನು ಸರಿಪಡಿಸಿತು.

ಪರಿಹಾರ: ಸೈಟು ತಾನು ಕೊಡುವ ಪ್ರತಿ ನಮೂನೆಯಲ್ಲೂ ಊಹಿಸಲಾಗದ ಗುಟ್ಟಿನ ಸಂಖ್ಯೆಯೊಂದನ್ನು ಬರೆದಿಡಬೇಕು. ಆ ಸಂಖ್ಯೆ ಇಲ್ಲದ ಕೋರಿಕೆಯನ್ನು ತಿರಸ್ಕರಿಸಬೇಕು. ಕಳ್ಳನಿಗೆ ಮೊಹರು ಒತ್ತಿಸಿಕೊಳ್ಳುವುದು ಗೊತ್ತು, ಆದರೆ ಸಂಖ್ಯೆ ಗೊತ್ತಿಲ್ಲ. 2020ರಿಂದ ಕ್ರೋಮ್ ಬ್ರೌಸರು ಕೂಡ ಹೊರಗಿನ ಸೈಟು ಕಳಿಸಿದ ಇಂಥ ಕೋರಿಕೆಗಳಿಗೆ ಚೀಟಿ ಲಗತ್ತಿಸುವುದನ್ನು ಬಹುಮಟ್ಟಿಗೆ ತಡೆಯುತ್ತಿದೆ. ಆದರೂ ಇದೊಂದನ್ನೇ ನಂಬಿ ಕೂರಬಾರದು.

ಸಂಘದ ಸೈಟು ನೋಡಿಕೊಳ್ಳುವವರು ಮಾಡಬೇಕಾದ್ದು:

1. ತಂತ್ರಾಂಶವನ್ನೂ ಅದಕ್ಕೆ ಸೇರಿಸಿದ ಪ್ಲಗಿನ್‌ಗಳನ್ನೂ ಹೊಸ ಆವೃತ್ತಿಗೆ ತರುತ್ತಿರಬೇಕು.
2. ಕೆಲಸ ಮುಗಿದೊಡನೆ ಲಾಗ್‌ಔಟ್ ಮಾಡಬೇಕು.
3. ಒಳಹೊಕ್ಕಿರುವಾಗ ವಾಟ್ಸ್‌ಆ್ಯಪ್‌ನಲ್ಲಿ ಬಂದ ಗುರುತಿಲ್ಲದ ಲಿಂಕುಗಳನ್ನು ತೆರೆಯಬಾರದು.
4. ಮೇಲ್ವಿಚಾರಣೆಯ ಅಧಿಕಾರವನ್ನು ಅಗತ್ಯವಿದ್ದವರಿಗೆ ಮಾತ್ರ ಕೊಡಬೇಕು.

ನೀವಾದರೋ, ಸೈಟಿನಲ್ಲಿ ಖಾತೆಯ ಸಂಖ್ಯೆ ಬದಲಾಗಿದ್ದು ಕಂಡರೆ, ಸಂಘಕ್ಕೆ ಹೋಗಿ ಕೇಳಿ ತಿಳಿದ ಮೇಲೆಯೇ ಹಣ ಕಟ್ಟಿರಿ. ಮುಂದಿನ ಸಭೆಯಲ್ಲಿ ಈ ನಾಲ್ಕು ಅಂಶಗಳನ್ನು ಓದಿಸಿ, ಯಾವುದು ನಡೆದಿದೆ, ಯಾವುದು ಬಾಕಿ ಎಂದು ವಿಚಾರಿಸಿರಿ.