ಕೂರಿಸಿ ಸಾಕಬೇಡ, ಮಗ

ಬೆಂಗಳೂರಿನಿಂದ ಬಂದು ಬ್ಯಾಗು ಇಳಿಸುವ ಮೊದಲೇ ನನ್ನ ಕೈಯ ಪೊರಕೆ ಕಿತ್ತುಕೊಳ್ಳುತ್ತೀಯಲ್ಲ, ಅದು ಪ್ರೀತಿ ಅಂತ ಗೊತ್ತು. ಆದರೂ ಹೇಳಿಬಿಡುತ್ತೇನೆ: ಮುದುಕರನ್ನು ಅರ್ಧ ಕುಗ್ಗಿಸುವುದು ವಯಸ್ಸು, ಇನ್ನರ್ಧ ನಿಮ್ಮ ಈ ಪ್ರೀತಿ. 'ನೀನು ಸುಮ್ನೆ ಕೂತ್ಕೋ ಅಜ್ಜಿ' ಅಂತ ಕುರ್ಚಿ ಹಾಕಿಕೊಡುತ್ತೀರಿ. ಕೂತವಳು ವರ್ಷ ಕಳೆಯುವುದರೊಳಗೆ ಕುರ್ಚಿಯ ಕೈ ಒತ್ತದೆ ಮೇಲೇಳಲಾರಳು. ಆಮೇಲೆ ಮೊಬೈಲು ಹಿಡಿದು ಬರುತ್ತೀಯ, 'ಸ್ಟೆಮ್ ಸೆಲ್ ಹಾಕಿಸಿದ್ರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗ್ತೀಯಂತೆ' ಅಂತ. ಇಪ್ಪತ್ತು ವರ್ಷದ ಹಿಂದೆ ನಿನ್ನ ಮೂಗು ಒರೆಸುತ್ತಿದ್ದೆ. ಮತ್ತೆ ಬೇಡಪ್ಪ.

ಬುದ್ಧಿವಂತ ನೀನು, ಆತುರವೊಂದೇ ಜಾಸ್ತಿ. ನಾನು ಟೀಚರಾಗಿದ್ದವಳು, ಓದದೆ ಒಪ್ಪುವವಳಲ್ಲ. ಓದಿದ್ದು ಹೇಳುತ್ತೇನೆ, ಕೇಳು.

ಗಾಯವಾದಾಗ ಕೆಂಪಗೆ ಊದಿ, ಆಮೇಲೆ ಮಾಯುತ್ತದಲ್ಲ, ಆ ಉರಿಯೂತ ಒಳ್ಳೆಯದೇ. ವಯಸ್ಸಾದ ಮೇಲೆ ಗಾಯವೇ ಇಲ್ಲದಿದ್ದರೂ ಅದು ಮೈಯೊಳಗೆ ನಡೆದೇ ಇರುತ್ತದೆ. ನಮ್ಮ ಬಚ್ಚಲ ಒಲೆಗೆ ತುರುಕಿದ ತೆಂಗಿನ ಸಿಪ್ಪೆಯ ಹಾಗೆ: ಉರಿ ಕಾಣದು, ಬೆಳಗಿನ ತನಕ ಕೆಂಡವೂ ಆರದು. ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಸೆಸ್ಕಿ 2000ನೇ ಇಸವಿಯಲ್ಲಿ ಇದಕ್ಕೆ ಮುಪ್ಪಿನ ಉರಿಯೂತ ಅನ್ನುವ ಅರ್ಥದ ಹೆಸರಿಟ್ಟರು. ಹೊಟ್ಟೆಯ ಬೊಜ್ಜು, ಕೀವುಗಟ್ಟಿದ ಒಸಡು, ಬೀಡಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಎಲ್ಲವೂ ಅದಕ್ಕೆ ಸೌದೆ. ಸುಡುವುದು ಮಾಂಸಖಂಡವನ್ನು.

ಮಾಂಸಖಂಡ ಸೊರಗಿದರೆ ನಿತ್ರಾಣ. ಮರುವರ್ಷ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಅವರ ತಂಡ ಈ ಮುಪ್ಪಿನ ನಿತ್ರಾಣಕ್ಕೆ ಐದು ಗುರುತು ಹೇಳಿತು: ತಾನಾಗಿ ತೂಕ ಇಳಿಯುವುದು, ಸುಸ್ತು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಮ್ಮಿಯಾಗುವುದು. ಮೂರು ಕಂಡರೆ ಹುಷಾರು. ಪಕ್ಕದ ಮನೆ ದೊಡ್ಡಮ್ಮ ಬಿಂದಿಗೆ ಬಿಟ್ಟು ಚೊಂಬಿನಲ್ಲಿ ನೀರು ಒಯ್ಯಲು ಶುರುಮಾಡಿದ್ದಳು. ಸೆರಗಿನ ಗಂಟು ಬಿಚ್ಚಲು ಮೊಮ್ಮಗಳನ್ನು ಕರೆಯುತ್ತಿದ್ದಳು. ಮನೆಯವರು 'ವಯಸ್ಸಾಯ್ತು ಬಿಡಿ' ಅಂದರು. ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದ ಮೇಲೆ ತಿಪಟೂರಿನ ಆಸ್ಪತ್ರೆಗೆ ಕಾರು ಓಡಿತು.

ಹಾಗಂತ ನೀನು ಹೇಳಿದ ಸ್ಟೆಮ್ ಸೆಲ್, ಅಂದರೆ ಕಾಂಡಕೋಶ, ಬರೀ ಬುರುಡೆ ಅನ್ನುತ್ತಿಲ್ಲ. ನಿಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ, ದಾನಿಗಳ ಮೂಳೆಮಜ್ಜೆಯಿಂದ ತೆಗೆದ ಕೋಶಗಳನ್ನು ಬೆಳೆಸಿ ಔಷಧಿ ಮಾಡಿದೆ. ಬರ್ಜರ್ ಕಾಯಿಲೆಗೆ 2016ರಲ್ಲಿ ಅದಕ್ಕೆ ಕೇಂದ್ರದ ಔಷಧ ನಿಯಂತ್ರಕರು ಷರತ್ತಿನ ಒಪ್ಪಿಗೆ ಕೊಟ್ಟರು. ಬೀಡಿ ಸೇದಿ ಸೇದಿ ರಕ್ತನಾಳ ಕಟ್ಟಿಕೊಂಡು ಕಾಲ್ಬೆರಳು ಕಪ್ಪಾಗುತ್ತದಲ್ಲ, ಆ ಕಾಯಿಲೆ. ಸೂಜಿ ಚುಚ್ಚುವುದು ಮೀನಖಂಡಕ್ಕೆ. 2022ರಲ್ಲಿ ಮಂಡಿ ಸವೆತಕ್ಕೂ ಒಪ್ಪಿಗೆ ಸಿಕ್ಕಿತು, ಅದೂ ಎರಡು ಮತ್ತು ಮೂರನೇ ಹಂತದ ಸವೆತಕ್ಕೆ ಮಾತ್ರ. ಇದು ಮಂಡಿಯ ಮದ್ದು, ಮುಪ್ಪಿನ ಮದ್ದಲ್ಲ.

ಮುಪ್ಪಿನ ನಿತ್ರಾಣಕ್ಕೇ ಪ್ರಯೋಗ ನಡೆದದ್ದು ಮಯಾಮಿಯಲ್ಲಿ. ಅಲ್ಲಿನ ವಿಶ್ವವಿದ್ಯಾಲಯದವರು 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂವತ್ತು ಜನ ಮುದುಕರಲ್ಲಿ ಕೆಲವರಿಗೆ 10 ಕೋಟಿ ಕೋಶ, ಕೆಲವರಿಗೆ 20 ಕೋಟಿ, ಉಳಿದವರಿಗೆ ಬರೀ ನೀರಿನಂಥ ಮದ್ದು. 10 ಕೋಟಿ ಪಡೆದವರು ಆರು ನಿಮಿಷದಲ್ಲಿ ಮೊದಲಿಗಿಂತ ಹೆಚ್ಚು ದೂರ ನಡೆದರು, ರಕ್ತದಲ್ಲಿ ಉರಿಯೂತದ ಗುರುತೂ ಇಳಿಯಿತು. ತಮಾಷೆ ನೋಡು, ದುಪ್ಪಟ್ಟು ಪಡೆದವರಿಗೆ ಅಷ್ಟು ಗುಣ ಕಾಣಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಇನ್ನೂ ಹೆಚ್ಚು ಜನರನ್ನು ನೋಡಬೇಕು. ಮಗ್ಗಿ ಬಾಯಿಪಾಠ ಮಾಡದೆ ಲೆಕ್ಕಕ್ಕೆ ಕೈಹಾಕುತ್ತಿದ್ದವನು ನೀನು, ನಿನಗೆ ತಾಳ್ಮೆಯ ಮಾತು ಹೇಗೆ ರುಚಿಸೀತು?

ಮುಪ್ಪಿನ ಮದ್ದು ಬರುವವರೆಗೆ ಏನು ಮಾಡೋದು ಅನ್ನುತ್ತೀಯ. ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಟರೋನ್ 1990ರಲ್ಲಿ ವೃದ್ಧಾಶ್ರಮದ ತೊಂಬತ್ತರ ಆಸುಪಾಸಿನವರ ಕೈಲಿ, ಅಲ್ಲಲ್ಲ, ಕಾಲಲ್ಲಿ ಭಾರ ಎತ್ತಿಸಿದರು. ಎಂಟೇ ವಾರಕ್ಕೆ ತೊಡೆಯ ಬಲ ಎರಡೂವರೆ ಪಟ್ಟು ದಾಟಿತು. ಇಬ್ಬರು ಊರುಗೋಲು ಬಿಟ್ಟರು. ಸೂಜಿಯಿಲ್ಲ, ಕೋಟಿ ಕೋಶವಿಲ್ಲ!

ಅದಕ್ಕೇ ನನ್ನ ಕೈಗೆ ಕೆಲಸ ಬಿಡು. ತೋಟದಲ್ಲಿ ಬಿದ್ದ ಗರಿ ಎಳೆಯುತ್ತೇನೆ, ಅಂಗಳದ ಕಾಯಿ ಎತ್ತಿಡುತ್ತೇನೆ, ಸಂಜೆ ಕೆರೆ ಏರಿ ತನಕ ನಡೆಯುತ್ತೇನೆ. ಬೇಕಿದ್ದರೆ ಜೊತೆಗೆ ಬಾ, ಏದುಸಿರು ಯಾರಿಗೆ ಬರುತ್ತದೋ ನೋಡೋಣ. ಊಟದಲ್ಲೂ ಅಷ್ಟೇ. ಹಲ್ಲಿಲ್ಲ ಅಂತ ಮುದ್ದೆಗೆ ತಿಳಿಸಾರು ಬಿಟ್ಟು, ಕಾಳೆಲ್ಲ ನಿನ್ನ ತಟ್ಟೆಗೆ ಬಡಿಸಿಕೊಳ್ಳುತ್ತೀಯ. ಮಾಂಸಖಂಡ ಉಳಿಯುವುದು ಆ ಕಾಳಿನಿಂದ ಕಣೋ. ಅವರೆಕಾಳು, ಹುರುಳಿ ಚೆನ್ನಾಗಿ ಬೇಯಿಸಿ ಮಸೆದು ಕೊಡು. ನೀನೂ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತು. ಮೂವತ್ತು ದಾಟಿತು ನಿನಗೆ, ಮಾಂಸಖಂಡ ಕರಗುವ ಲೆಕ್ಕ ಅಲ್ಲಿಂದಲೇ ಶುರು.

ಇನ್ನು ನೀನು ಮೊಬೈಲಿನಲ್ಲಿ ತೋರಿಸಿದ ಸ್ಟೆಮ್ ಸೆಲ್ ಕ್ಲಿನಿಕ್ಕಿನ ಮಾತು. ಕೊಬ್ಬರಿ ಮಾರಿದ ದುಡ್ಡು ಎತ್ತಿಕೊಂಡು ಹೋಗುವ ಮೊದಲು ಕೇಳು: ಈ ಮದ್ದಿಗೆ ಯಾವ ಕಾಯಿಲೆಗೆ ಒಪ್ಪಿಗೆ ಸಿಕ್ಕಿದೆ? ಇದು ಪ್ರಯೋಗ ಅಂತ ಅವರು ಅಂದರೆ ಸರ್ಕಾರಿ ರಿಜಿಸ್ಟ್ರಿಯ ನಂಬರು ಕೊಡಿ ಅನ್ನು. ಪ್ರಯೋಗಕ್ಕೆ ಸೇರಿದ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೇ ಹೇಳುತ್ತದೆ. ದುಡ್ಡು ಕೇಳಿದರೋ, ಎದ್ದು ಬಾ. ಬರುವಾಗ ಬಚ್ಚಲಿಗೆ ಒಂದು ಹಿಡಿಕಂಬಿ, ನನಗೊಂದು ಜಾರದ ಚಪ್ಪಲಿ ತಾ.