ಸ್ವಾತಂತ್ರ್ಯವೂ ಸ್ವಚ್ಛಂದವೂ

ಸೇಡಂ ತಾಲೂಕಿನಲ್ಲಿ ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯನು ‘ಕವಿರಾಜಮಾರ್ಗ’ದಲ್ಲಿ ಕಾವ್ಯದ ಗುಣದೋಷಗಳನ್ನು ವಿವೇಚಿಸಿದನು, ಕನ್ನಡದ ಬಗೆಗಳು ಹಲವೆಂಬುದನ್ನೂ ಒಪ್ಪಿದನು. ಮೂರು ಶತಮಾನಗಳ ತರುವಾಯ ಕಲ್ಯಾಣದ ಶರಣರು ಛಂದಸ್ಸಿನ ಕಟ್ಟನ್ನೇ ಬಿಟ್ಟರು. ಹಾಗಾದರೆ ವಚನಕ್ಕೆ ಕಟ್ಟಳೆಯಿಲ್ಲವೆ? ಉಂಟು. ಗಣಮಾತ್ರೆಗಳ ಲೆಕ್ಕವು ಹೋದೆಡೆಯಲ್ಲಿ ನುಡಿದಂತೆ ನಡೆಯುವ ಹೊಣೆಯು ಬಂದಿತು. ಆ ಹೊಣೆಗೆ ಸಾಕ್ಷಿಯೇ ಅಂಕಿತ. ಮಡಿವಾಳ ಮಾಚಯ್ಯನವರದು ‘ಕಲಿದೇವರದೇವ’. ಅಂಬಿಗರ ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವಾಗಿಟ್ಟು, ಆಡಿದ ಮಾತಿಗೆ ತಾವೇ ಹೊಣೆಯಾಗಿ ನಿಂತರು. ಇದು ಸ್ವಾತಂತ್ರ್ಯ.

ಸ್ವಚ್ಛಂದವು ಬೇರೆ, ಅಲ್ಲಿ ಛಂದವೆಂದರೆ ಬರಿಯ ಇಚ್ಛೆ. ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತವನ್ನು ‘ಲಿಂಗದೇವ’ವೆಂದು ಮಾರ್ಪಡಿಸಿದ ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯನ್ನು ರಾಜ್ಯ ಸರ್ಕಾರವು 1998ರಲ್ಲಿ ನಿಷೇಧಿಸಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ವಚನಕ್ಕೆ ಅರ್ಥ ಹೇಳುವ ಅಧಿಕಾರ ಎಲ್ಲರಿಗೂ ಉಂಟು; ಶರಣರ ರುಜುವನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಆದರೂ (ಕಹಿಯಾದರೂ ಹೇಳತಕ್ಕ ಮಾತಿದು) ಪಾಠಶುದ್ಧಿಯ ಕಾವಲನ್ನು ಸರ್ಕಾರಕ್ಕೊಪ್ಪಿಸಿ ಸುಮ್ಮನಿರುವುದು ಭಕ್ತರಿಗೆ ಭೂಷಣವಲ್ಲ. ಚಿತ್ತಾಪುರ, ಚಿಂಚೋಳಿಗಳ ಮನೆಗಳಲ್ಲಿ ಪೂಜಾನಂತರ ವಚನ ಹೇಳುವವರು ಅಂಕಿತದವರೆಗೂ ಹೇಳಿ ಮುಗಿಸಲಿ. ಮಕ್ಕಳು ತಪ್ಪಿದಲ್ಲಿ ಹಿರಿಯರು ಅಲ್ಲಿಯೇ ತಿದ್ದಲಿ.