ಕಾಯಿಗೆ ತೂತಿಲ್ಲ, ಒಳಗೆ ಕಾಳಿಲ್ಲ: ತೊಗರಿಯ ಹಸಿರು ತಿಗಣೆ

ಬಾಗಲಕೋಟೆ ಜಿಲ್ಲೆಯ ಕೆರೂರ ಸುತ್ತಿನ ಹೊಲಗಳಲ್ಲಿ ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ತೊಗರಿ ಕಾಯಿ ಕಟ್ಟಿರುತ್ತದೆ. ಹೂವು ಚೆನ್ನಾಗಿ ನಿಂತಿತ್ತು, ಕಾಯಿಕೊರಕಕ್ಕೆ ಎಣ್ಣೆ ಹೊಡೆದದ್ದೂ ಆಯಿತು, ಕಾಯಿಯ ಮೇಲೆ ಒಂದು ತೂತೂ ಇಲ್ಲ. ರಾಶಿ ಮಾಡಿದಾಗ ಮಾತ್ರ ಅರ್ಧ ಕಾಳು ಸುಕ್ಕು, ಜಳ್ಳು. ಹುಳು ಕಣ್ಣಿಗೆ ಬೀಳದ್ದರಿಂದ ಬೈಗುಳವೆಲ್ಲ ಬೀಜದ ಕಂಪನಿಗೋ ಮೋಡಕ್ಕೋ ಹೋಗುತ್ತದೆ. ಇಂಥ ಕಡೆ ಮೊದಲು ಅನುಮಾನಿಸಬೇಕಾದದ್ದು ತಿಗಣೆಯನ್ನು.

ಮುಟ್ಟಿದರೆ ಗಬ್ಬು ನಾರುವ ಹಸಿರು ತಿಗಣೆಯ ವೈಜ್ಞಾನಿಕ ಹೆಸರು ನೆಜಾರಾ ವಿರಿಡುಲಾ. ಇದರ ಮೂಲ ಪೂರ್ವ ಆಫ್ರಿಕಾದ ಕಡೆ ಎಂದು ತಜ್ಞರ ಅಂದಾಜು. ಈಗ ಬೆಚ್ಚನೆಯ ನಾಡುಗಳಲ್ಲೆಲ್ಲ ಅದರ ಸಂಸಾರವಿದೆ. ತೊಗರಿ, ಅಲಸಂದಿ, ಅವರೆ, ಹತ್ತಿ, ಸೂರ್ಯಕಾಂತಿ, ಟೊಮೆಟೊ, ಸೀತನಿ ಹಂತದ ಜೋಳ, ಯಾವುದನ್ನೂ ಬಿಡುವುದಿಲ್ಲ. ಕೀಟಗಳ ವಲಸೆ ಒಮ್ಮುಖವೇನಲ್ಲ. ನಮ್ಮ ಕೋಸು, ಮೂಲಂಗಿ, ಸಾಸಿವೆಯ ಮೇಲೆ ಕೂರುವ ಕಪ್ಪು-ಕಿತ್ತಳೆ ಚಿತ್ತಾರದ ತಿಗಣೆ 2008ರಲ್ಲಿ ಲಾಸ್ ಏಂಜಲೀಸ್ ಹತ್ತಿರ ಕಾಣಿಸಿಕೊಂಡು ಈಗ ಅಮೆರಿಕದವರ ತಲೆನೋವಾಗಿದೆ.

ಮೊದಲು ಕಾಯಿ ಬಿಡಿಸಿ

ಹೊಲದ ನಾಲ್ಕು ಮೂಲೆ ಮತ್ತು ನಡುವಿನಿಂದ ಒಂದೊಂದು ಹಿಡಿ ಕಾಯಿ ಕಿತ್ತು ಬದುವಿನ ಮೇಲೆ ಕೂತು ಬಿಡಿಸಿ. ಕಾಯಿಗೆ ದೊಡ್ಡ ದುಂಡನೆಯ ತೂತಿದ್ದರೆ ಅದು ಕಾಯಿಕೊರಕ. ಒಳಗೆ ಬಿಳಿ ಮರಿಹುಳು ಅಥವಾ ಕಂದು ಕೋಶ ಸಿಕ್ಕಿ, ಕಾಳಿನಲ್ಲಿ ಕೊರೆದ ಜಾಡು ಕಂಡರೆ ಕಾಯಿ ನೊಣ. ತೂತೂ ಇಲ್ಲ, ಹುಳುವೂ ಇಲ್ಲ, ಕಾಳು ಮಾತ್ರ ಮುದುಡಿದೆ, ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಇದೆ ಎಂದರೆ ತಿಗಣೆಯ ಕೆಲಸ. ಅದು ಕಾಯಿಯ ಹೊರಗೇ ಕೂತು, ಸೂಜಿಯಂಥ ಸೊಂಡಿಲನ್ನು ಸಿಪ್ಪೆಯೊಳಗೆ ಇಳಿಸಿ, ಎಳೆಗಾಳಿಗೆ ಜೊಲ್ಲು ಬಿಟ್ಟು ರಸ ಹೀರುತ್ತದೆ. ಚುಚ್ಚಿದ ಜಾಗದಿಂದ ಶಿಲೀಂಧ್ರ ಒಳಸೇರಿ ಕಾಳು ಕೊಳೆಯುವುದೂ ಉಂಟು.

ಈ ವ್ಯತ್ಯಾಸ ತಿಳಿಯದೆ ಔಷಧ ತಂದರೆ ದುಡ್ಡು ನೀರಿಗೆ ಹಾಕಿದಂತೆ. ಕಾಯಿಕೊರಕಕ್ಕೆ ಬಳಸುವ ಎನ್‌ಪಿವಿ ಎಂಬ ನಂಜಾಣುವಾಗಲಿ ಬಿಟಿ ಬ್ಯಾಕ್ಟೀರಿಯಾದ ಪುಡಿಯಾಗಲಿ ಎಲೆ-ಕಾಯಿ ತಿನ್ನುವ ಹುಳುವಿನ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ರಸ ಹೀರುವ ತಿಗಣೆಗೆ ಅದರ ಬಿಸಿಯೇ ತಟ್ಟುವುದಿಲ್ಲ.

ಆಮೇಲೆ ತಿಗಣೆಯ ಮುಖ ನೋಡಿ

ಬೆಳಗಿನ ಎಳೆಬಿಸಿಲಲ್ಲಿ ಹೋಗಿ. ಚಳಿಗೆ ಜಡವಾದ ತಿಗಣೆಗಳು ಮೈ ಕಾಯಿಸಿಕೊಳ್ಳಲು ಗಿಡದ ತುದಿಗೆ ಬಂದಿರುತ್ತವೆ. ಬಿಸಿಲು ಏರಿದರೆ ಎಲೆಯ ಮರೆಗೆ ಸರಿಯುತ್ತವೆ, ಇಲ್ಲವೇ ಹಾರುತ್ತವೆ. ದೊಡ್ಡ ಹಸಿರು ತಿಗಣೆ ಗುರಾಣಿಯಾಕಾರದ್ದು, ಸುಮಾರು ಒಂದೂವರೆ ಸೆಂ.ಮೀ. ಉದ್ದ. ಬೆನ್ನ ನಡುವಿನ ತ್ರಿಕೋನದ ಮುಂದಿನ ಅಂಚಿನಲ್ಲಿ ಸಾಲಾಗಿ ಮೂರು ಸಣ್ಣ ಬಿಳಿ ಚುಕ್ಕೆ ಇರುತ್ತವೆ. ಮರಿಗಳದ್ದು ಬೇರೆಯೇ ವೇಷ: ಎಳೆಯವು ಕಪ್ಪು ಮೈಗೆ ಬಿಳಿ ಚುಕ್ಕೆ, ಬೆಳೆದವು ಹಸಿರು ಮೈಗೆ ಬಿಳಿ-ಗುಲಾಬಿ ಚುಕ್ಕೆ. ಇವನ್ನು ಗುಲಗಂಜಿ ಹುಳು ಎಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು.

ಇದರ ಜೊತೆಗೇ ಇರುವ ಇನ್ನೊಂದು ಶತ್ರು ಕಂದು ಬಣ್ಣದ ಕಾಯಿ ತಿಗಣೆ. ಮೈ ಕಿರಿದು, ಹೆಗಲ ಎರಡೂ ಕಡೆ ಮುಳ್ಳು, ಹಿಂಗಾಲಿನ ತೊಡೆ ದಪ್ಪ.

ಆದರೆ ಹೆಗಲ ಮೇಲೆ ಮುಳ್ಳಿದ್ದದ್ದೆಲ್ಲ ಶತ್ರುವಲ್ಲ. ಇಯೋಕ್ಯಾಂಥೆಕೋನಾ ಎಂಬ ಪರಭಕ್ಷಕ ತಿಗಣೆಗೂ ಚೂಪಾದ ಮುಳ್ಳಿದೆ. ಅದು ಕಾಯಿಕೊರಕ ಹುಳುವನ್ನೇ ಚುಚ್ಚಿ ತಿನ್ನುತ್ತದೆ. ಇದರ ಮೈ ಅಗಲ, ಬಣ್ಣ ಮಚ್ಚೆಮಚ್ಚೆ. ಸಂಶಯ ಬಂದರೆ ಕಡ್ಡಿಯಿಂದ ಮಗುಚಿ ಸೊಂಡಿಲು ನೋಡಿ. ರಸ ಹೀರುವುದರ ಸೊಂಡಿಲು ದಾರದಂತೆ ಸಣ್ಣದು, ಎದೆಗೆ ಅಂಟಿಕೊಂಡಿರುತ್ತದೆ. ಬೇಟೆಗಾರನದು ದಪ್ಪ, ಮುಂದಕ್ಕೆ ಚಾಚಬಲ್ಲದು. ಸೊಂಡಿಲಿನ ತುದಿಯಲ್ಲಿ ಹುಳು ನೇತಾಡುತ್ತಿದ್ದರಂತೂ ಅನುಮಾನವೇ ಬೇಡ, ಹಾಗೇ ಬಿಡಿ. ಎಣ್ಣೆ ಹೊಡೆಯುವ ಮುಂಚೆ ಈ ಒಂದು ನಿಮಿಷ ಕೊಡದವರು ಪುಕ್ಕಟೆ ಕೂಲಿಯಾಳನ್ನು ತಾವೇ ಕೊಂದಂತೆ.

ತತ್ತಿ, ಮರಿ, ದೊಡ್ಡವು

ತತ್ತಿಗಳು ಎಲೆಯ ಕೆಳಗೆ ಸಾಲಾಗಿ, ಒತ್ತೊತ್ತಾಗಿ ಜೋಡಿಸಿಟ್ಟ ಪುಟ್ಟ ಪೀಪಾಯಿಗಳ ಹಾಗೆ ಇರುತ್ತವೆ. ಒಂದು ಗುಂಪಿನಲ್ಲಿ ಮೂವತ್ತರಿಂದ ನೂರಕ್ಕೂ ಹೆಚ್ಚು. ಹೊಸವು ಕೆನೆಬಣ್ಣ, ಒಡೆಯುವ ಮುಂಚೆ ಗುಲಾಬಿ-ಕಿತ್ತಳೆ. ಒಡೆದ ಮರಿಗಳು ಮೊದಲ ಪೊರೆ ಬಿಡುವವರೆಗೆ ತತ್ತಿಯ ಹತ್ತಿರವೇ ಗುಂಪುಗೂಡಿರುತ್ತವೆ. ಒಂದೇ ಎಲೆ ಕಿತ್ತರೆ ಇಡೀ ಗುಂಪು ಕೈಗೆ ಸಿಗುವ ಕಾಲ ಇದು.

ಕಪ್ಪಾದ ತತ್ತಿಗಳನ್ನು ಮಾತ್ರ ಹೊಸಕಬೇಡಿ. ಅವುಗಳೊಳಗೆ ಟ್ರಿಸ್ಸೋಲ್ಕಸ್ ಜಾತಿಯ ಪರತಂತ್ರ ಕಣಜ ಬೆಳೆಯುತ್ತಿರಬಹುದು. ಈ ಕಣಜವನ್ನು ಆಸ್ಟ್ರೇಲಿಯಾದವರು ಇದೇ ತಿಗಣೆಯ ಹತೋಟಿಗೆಂದು 1933ರಲ್ಲಿ ಈಜಿಪ್ಟಿನಿಂದ ತರಿಸಿಕೊಂಡಿದ್ದರು. ಕಿತ್ತ ಎಲೆಗಳನ್ನು ಬಾಟಲಿಗೆ ಹಾಕಿ, ಬಾಯಿಗೆ ಸೊಳ್ಳೆ ಪರದೆಯ ಚೂರು ಕಟ್ಟಿ ಹೊಲದಲ್ಲೇ ನೇತುಹಾಕಿ. ಕಣಜ ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಸಣ್ಣದು, ಹೊರಗೆ ಹಾರುತ್ತದೆ. ತಿಗಣೆ ಮರಿ ಬೆಳೆದಂತೆ ಒಳಗೇ ಸಿಕ್ಕಿಬೀಳುತ್ತದೆ.

ದೊಡ್ಡವಕ್ಕೆ ತೊಗರಿ ಅಲುಗಾಡಿಸುವ ಹಳೆಯ ಪದ್ಧತಿಯೇ ಸರಿ. ನಸುಕಿನಲ್ಲಿ ಸಾಲಿನ ನಡುವೆ ತಾಡಪತ್ರಿಯೋ ಹಳೆಯ ಸೀರೆಯೋ ಹಾಸಿ, ಗಿಡ ಬಗ್ಗಿಸಿ ಒದರಿ. ಕಾಯಿಕೊರಕವೂ ತಿಗಣೆಯೂ ಒಟ್ಟಿಗೆ ಉದುರುತ್ತವೆ. ಹುಳು ಕೋಳಿಗೆ, ತಿಗಣೆ ಸೋಪಿನ ನೀರಿನ ಬಕೆಟ್ಟಿಗೆ. ಬೆರಳಲ್ಲಿ ಹಿಸುಕಿದರೆ ಆ ವಾಸನೆ ಊಟದ ಹೊತ್ತಿಗೂ ಹೋಗುವುದಿಲ್ಲ. ಐದಾರು ದಿನ ಬಿಟ್ಟು ಇನ್ನೊಮ್ಮೆ ಒದರಬೇಕು, ಏಕೆಂದರೆ ಪಕ್ಕದ ಹೊಲದಿಂದ ಹೊಸವು ಬರುತ್ತವೆ. ಆಳು ಸಿಗದ ಕಾಲದಲ್ಲಿ ಇದು ಕಷ್ಟ ನಿಜ. ಆದರೂ ತಿಗಣೆ ಮೊದಲು ಇಳಿಯುವುದು ಬದುವಿನ ಅಂಚಿನಲ್ಲಿ, ಅಲ್ಲಿನ ನಾಲ್ಕು ಸಾಲಾದರೂ ಮಾಡಿ.

ಸಿಂಪಡಣೆ

ಮರಿಗಳಿದ್ದಾಗ ಶೇ 5ರ ಬೇವಿನ ಬೀಜದ ಕಷಾಯ ನಡೆಯುತ್ತದೆ. 5 ಕೆ.ಜಿ. ಒಣ ತಿರುಳನ್ನು ಕುಟ್ಟಿ, 10 ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, 100 ಲೀಟರಿಗೆ ಏರಿಸಿ, ಸ್ವಲ್ಪ ಸೋಪಿನ ನೀರು ಬೆರೆಸಿ ಅಂದೇ ಸಂಜೆ ಹೊಡೆಯಿರಿ. ಬಲಿತ ತಿಗಣೆಗೆ ಇದು ಸಾಲದು.

ಅದಕ್ಕೂ ಬಗ್ಗದೆ ಎಳೆಗಾಯಿಯಲ್ಲಿ ಹಾವಳಿ ಹೆಚ್ಚಿದರೆ ಮಾತ್ರ ರಾಸಾಯನಿಕ. ಯಾವುದು, ಎಷ್ಟು ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಡಬ್ಬಿಯ ಮೇಲೆ ತೊಗರಿಯ ಹೆಸರಿದೆಯೇ ನೋಡಿ ತನ್ನಿ. ಔಷಧ ಅಂಗಡಿಯವರು ಕಟ್ಟಿಕೊಡುವ ಮೂರು ಡಬ್ಬಿಯ ಮಿಶ್ರಣ ಬೇಡ. ಹೂವು ಇನ್ನೂ ಇದ್ದರೆ ಜೇನು ಗೂಡು ಸೇರಿದ ಮೇಲೆ ಹೊಡೆಯಿರಿ. ಕಾಳು ಬಲಿತು ಗಟ್ಟಿಯಾದ ಮೇಲೆ ಹೊಡೆಯುವುದು ದಂಡ.

ಮುಂದಿನ ಹಂಗಾಮಿಗೆ ಬದುವಿನಲ್ಲಿ ಎರಡು ಸಾಲು ಅಲಸಂದಿ ಅಥವಾ ಸೆಣಬು ಬಿತ್ತಿದರೆ ತಿಗಣೆ ಮೊದಲು ಅಲ್ಲಿ ಕೂರುತ್ತದೆ. ಅಲ್ಲೇ ಹಿಡಿದು ಮುಗಿಸಬೇಕು. ಸುಮ್ಮನೆ ಬಿಟ್ಟರೆ ಅದೇ ಅದರ ತವರಾಗುತ್ತದೆ.

ಗುರುತು ಸಿಗದ ಹೊಸ ತಿಗಣೆ ಕಂಡರೆ ಬೆನ್ನು, ಪಕ್ಕ, ಸೊಂಡಿಲು ಕಾಣುವಂತೆ ಮೂರು ಫೋಟೊ ತೆಗೆದು, ಐದಾರನ್ನು ಸ್ಯಾನಿಟೈಸರ್ ತುಂಬಿದ ಸಣ್ಣ ಬಾಟಲಿಗೆ ಹಾಕಿ. ಊರು, ಬೆಳೆ, ತಾರೀಕು ಬರೆದ ಚೀಟಿ ಅಂಟಿಸಿ ಬಾಗಲಕೋಟೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮುಟ್ಟಿಸಿ. ಹೊಸ ಕೀಟ ಮೊದಲು ನಮ್ಮಲ್ಲೇ ಕಾಣಿಸಬಹುದು: ಮೆಕ್ಕೆಜೋಳದ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ ನಮ್ಮ ಶಿವಮೊಗ್ಗದ ಹೊಲಗಳಲ್ಲೇ.